ಪ್ರೂಡೆನ್ಸ್ ಡಾರ್ಕ್ ಆಗಿದೆ

ಹಿಟ್ಟು ಬೆರಳಿಗೆ ಅಂಟುತ್ತಿದೆ, ನೀರು ಹೆಚ್ಚಾಯಿತೇನೋ, ಟ್ಯಾಮ್ಸಿನ್ ಇನ್ನೊಂದು ಹಿಡಿ ಒಣಹಿಟ್ಟು ಉದುರಿಸಿ ಮಾಂಸ ತುಂಬಿದ ಕಡುಬಿನಂಥ ಪೇಸ್ಟಿಯ ಅಂಚನ್ನು ಮತ್ತೆ ಮಡಿಸತೊಡಗುತ್ತಾಳೆ, ಮಡಿಕೆಯ ಮೇಲೆ ಮಡಿಕೆ, ಕಣ್ಣು ಮಾತ್ರ ಸಕ್ಕರೆ ಡಬ್ಬಿಗೆ ಒರಗಿಸಿಟ್ಟ ಫೋನಿನ ಮೇಲೆ — ನೀಲಿ ಸಮುದ್ರ, ಅದರ ತುಂಬ ಬಂದರಿನ ದೋಣಿಗಳ ಹಸಿರು ತ್ರಿಕೋನಗಳು, ಒಂದೊಂದಕ್ಕೂ ಒಂದೊಂದು ಹೆಸರು, ಗಂಡನ ಪ್ರೂಡೆನ್ಸ್ ಮಾತ್ರ ಇಲ್ಲ. ಕಾವಲು ಗೋಪುರದ ಮುದುಕ ಹೆಡ್ಲಿ ಈಗಷ್ಟೇ ಅವಳ ಅಂಗಡಿಗೆ ಚಹಾಕ್ಕೆ ಬಂದು ಕೂತವನು ಎಷ್ಟು ಸಲೀಸಾಗಿ ಅಂದುಬಿಟ್ಟ, ನಿನ್ ಡೆನ್ಜಿಲ್ ಏಳು ಗಂಟೆಯಿಂದ ಡಾರ್ಕ್ ಆಗವ್ನೆ ಕಣಮ್ಮ, ನರಿಬುದ್ಧಿ ಅಂದ್ರೆ ಅದು. ಈ ಬಂದರಿನಲ್ಲಿ ಡಾರ್ಕ್ ಎಂದರೆ ಇಷ್ಟೇ, ದೋಣಿ ಎಲ್ಲಿದೆಯೆಂದು ತೋರಿಸುವ ಪೆಟ್ಟಿಗೆಯನ್ನು ಆರಿಸಿ, ಯಾರ ಕಣ್ಣಿಗೂ ಬೀಳದೆ ತನ್ನ ಜಾಗದಲ್ಲಿ ಸಿಗಡಿ ಹಿಡಿಯುವುದು, ಎಲ್ಲರೂ ಮಾಡುತ್ತಾರೆ, ಯಾರೂ ಒಪ್ಪಿಕೊಳ್ಳುವುದಿಲ್ಲ. ಅಜ್ಜಿಯ ಬಾಯಲ್ಲಾದರೆ ಅದೇ ಮಾತಿಗೆ ಕುರುಡ ಎಂದರ್ಥ, ಆ ಬುಟ್ಟಿ ಹೆಣೆಯೋನು ಡಾರ್ಕು ಕಣೇ ಮಗಾ, ಕೈ ಹಿಡ್ದು ರಸ್ತೆ ದಾಟ್ಸು — ಅವನ ಅಂಗೈ ಎಷ್ಟು ತಣ್ಣಗಿತ್ತು. ಟ್ರೂರೋದ ನಾಟಕಶಾಲೆಯಲ್ಲಿ ಟಿಕೆಟ್ ಕೊಡುತ್ತಿದ್ದಾಗ ಡಾರ್ಕ್ ಎಂದರೆ ಆಟವಿಲ್ಲದ ದಿನ, ಸೋಮವಾರ ನಾವು ಡಾರ್ಕ್ ಎಂದಿದ್ದಕ್ಕೆ ಫೋನಿನಲ್ಲಿ ಒಬ್ಬಳು ಮುದುಕಿ, ಪರವಾಗಿಲ್ಲ ಬಿಡು, ಬ್ಯಾಟರಿ ತರ್ತೀನಿ ಅಂದಿದ್ದಳು, ಟ್ಯಾಮ್ಸಿನ್ ವಾರವಿಡೀ ನಕ್ಕಿದ್ದಳು. ಹೊಸ ವರ್ಷದ ಬೆಳಿಗ್ಗೆ ಹೊಸ್ತಿಲು ದಾಟುವ ಮೊದಲ ಗಂಡಸು ಡಾರ್ಕ್ ಇರಬೇಕು, ಕಪ್ಪು ಕೂದಲಿನವನಾದರೆ ಮನೆಗೆ ಒಳ್ಳೆಯದು ಎಂದು ಬೀದಿಯಲ್ಲಿ ಹೋಗುತ್ತಿದ್ದ ಡೆನ್ಜಿಲ್‌ನನ್ನು ಅಮ್ಮ ತೋಳು ಹಿಡಿದು ಒಳಗೆಳೆದಿದ್ದಳು, ಬಂದವನು ಆಮೇಲೆ ಹೋಗಲೇ ಇಲ್ಲ. ಫೋನು ನೋಡುತ್ತಾಳೆ, ತ್ರಿಕೋನವಿಲ್ಲ.

ಆರಿಸು ಎಂದವಳು ತಾನೇ. ಹೋದ ವಾರ ಇದೇ ಬಂದರಿನ ಪಾಸ್ಕೋನ ದೋಣಿ ಬೆನ್ನು ಹತ್ತಿದ ಬೇತಾಳದಂತೆ ಡೆನ್ಜಿಲ್‌ನ ಹಿಂದೆಯೇ ಬಂದಿತ್ತು, ಡಾರ್ಕ್ ಆಗಿ ಹೋಗು ಡೆನ್, ನಿಮ್ಮಪ್ಪ ಬಿಟ್ಟುಹೋದ ಜಾಗ ಅವನ ಪಾಲಾಗೋದು ಬೇಡ. ಮಾವ ಸಾಯುವ ಮುಂಚೆ ಅದನ್ನು ಹೇಳಿದ್ದು ಇಬ್ಬರಿಗೆ ಮಾತ್ರ, ಇದು ಡಾರ್ಕ್ ಇರ್ಲಿ ಮಕ್ಳಾ, ಗುಟ್ಟು ಎಂಬುದಕ್ಕೂ ಅದೇ ಮಾತು, ಎಷ್ಟಕ್ಕೆಂದು ಒಂದೇ ಮಾತನ್ನು ದುಡಿಸುತ್ತೇವೆ. ಒಂಬತ್ತಕ್ಕೆ ಪೆಟ್ಟಿಗೆ ಮತ್ತೆ ಹಾಕ್ತೀನಿ ಕಣೆ, ನಿನ್ನಾಣೆ, ಅಂದಿದ್ದ ಡೆನ್, ಈಗ ಹನ್ನೊಂದೂ ಹತ್ತು, ಕಿಟಕಿಯಾಚೆ ಮಂಜು ಬಂದರಿನ ಕಟ್ಟೆಯ ತುದಿಯನ್ನು ನುಂಗಿದೆ. ಡಾರ್ಕ್ ಆದವನು ರೇಡಿಯೋದಲ್ಲಿ ಕೂಗಿದರೂ ಓಗೊಡುವುದಿಲ್ಲ, ಅದೂ ವಾಡಿಕೆಯೇ, ಹಾಗಾಗಿ ಅವನು ಮುಳುಗಿದ್ದರೂ ಊರೆಲ್ಲ ಅಡಗಿದ್ದಾನೆ ಎಂದುಕೊಂಡು ಚಹಾ ಕುಡಿಯುತ್ತಿರುತ್ತದೆ. ಒಂಬತ್ತು ಗಂಟೆಯ ಮಾತು ಗೊತ್ತಿರುವವಳು ತಾನೊಬ್ಬಳೇ. ಹೆಡ್ಲಿಯ ಎದುರಿಗೇ ಪಾಸ್ಕೋ ಕೂತಿದ್ದಾನೆ, ಬಾಯಿ ತುಂಬ ಪೇಸ್ಟಿ, ಏನಮ್ಮಾ, ನಿನ್ ಗಂಡಂಗೆ ಚಿನ್ನದ ಗಣಿ ಸಿಕ್ತಾ, ನಮಗೂ ಒಂಚೂರು ತೋರ್ಸು. ಹೇಳಿಬಿಟ್ಟರೆ ಜಾಗ ಹೋಯಿತು, ಡೆನ್ ಸಂಜೆ ನಗುನಗುತ್ತ ಬಂದರೆ ಮುಖ ಹೇಗೆ ತೋರಿಸುವುದು, ಬಂದರೆ, ಬಂದರೆ ಎಂದಳೇ ತಾನು, ಬರದಿದ್ದರೆ — ಮೂರು ಹಲ್ಲಿನ ಬಂಡೆ, ಎಂದುಬಿಟ್ಟಳು, ಬಡಗಣ ಹಲ್ಲಿನ ಹೊರಮಗ್ಗುಲು, ಪಾಸ್ಕೋ, ಒಂಬತ್ತಕ್ಕೇ ಪೆಟ್ಟಿಗೆ ಹಾಕ್ತೀನಿ ಅಂದಿದ್ದ ಡೆನ್. ಅವನ ನಗು ಅರ್ಧಕ್ಕೇ ನಿಂತಿತು. ಒಂಬತ್ತಕ್ಕಾ, ಇಷ್ಟೊತ್ತು ಬಾಯಿ ಹೊಲ್ಕೊಂಡಿದ್ಯಾ ತಾಯಿ, ಎನ್ನುತ್ತಲೇ ಎದ್ದ, ತಟ್ಟೆಯನ್ನು ಹಾಗೇ ಬಿಟ್ಟು ಕಟ್ಟೆಯತ್ತ ಓಡಿದ.

ಹೆಡ್ಲಿ ಕೈಲಿದ್ದ ರೇಡಿಯೋದಲ್ಲಿ ರಕ್ಷಣಾ ದೋಣಿಯವರನ್ನು ಕೂಗುತ್ತಿದ್ದಾನೆ, ಅವರಿಗೆ ಮುಕ್ಕಾಲು ಗಂಟೆ ಬೇಕು, ಪಾಸ್ಕೋ ಇಪ್ಪತ್ತು ನಿಮಿಷಕ್ಕೆ ಮುಟ್ತಾನೆ, ನೀನ್ ಕೂತ್ಕೊ ಕಣಮ್ಮ. ಕೂರುವುದಿಲ್ಲ. ಪಾಸ್ಕೋನ ದೋಣಿ ಗ್ಯಾನೆಟ್, ಅದರ ಹಸಿರು ತ್ರಿಕೋನ, ಎರಡು ವರ್ಷ ಯಾವುದನ್ನು ಕಂಡರೆ ಶಪಿಸುತ್ತಿದ್ದಳೋ ಅದೇ ಈಗ ಕಟ್ಟೆ ದಾಟಿತು, ಹೋಗು, ಹೋಗಪ್ಪಾ, ಜಾಗ ನೀನೇ ಇಟ್ಟುಕೋ, ಸಿಗಡಿ ಹಿಡಿಯುವ ಬುಟ್ಟಿಗಳನ್ನೂ ಇಟ್ಟುಕೋ, ಬೆರಳಲ್ಲಿ ಹಿಟ್ಟು ಒಣಗಿ ಬಿರುಕು ಬಿಡುತ್ತಿದೆ, ಒಲೆಯಲ್ಲಿ ಏನೋ ಸೀಯುತ್ತಿದೆ, ಸೀಯಲಿ, ತ್ರಿಕೋನ ಮೊದಲ ಹಲ್ಲು ದಾಟಿತು, ಎರಡನೆಯದು, ಬಡಗಣ ಹಲ್ಲಿನ ಹೊರಗೆ ಬಂದು ನಿಂತಿತು. ಪ್ರೂಡೆನ್ಸ್ ಅಲ್ಲಿ ತೇಲುತ್ತಿದ್ದರೆ ಪಾಸ್ಕೋ ಆಗಲೇ ಬೈಯುತ್ತಿದ್ದ, ರೇಡಿಯೋ ಹರಿದುಹೋಗುವಂತೆ ಬೈಯುತ್ತಿದ್ದ. ಅಲ್ಲೇನೂ ಇಲ್ಲದಿದ್ದರೆ ಮುಂದಕ್ಕೆ ಹುಡುಕುತ್ತಿದ್ದ. ಯಾಕೆ ಮಾತಾಡ್ತಿಲ್ಲ ಅವನು, ಎಂದಳು. ಹೆಡ್ಲಿ ಟೋಪಿ ತೆಗೆದು ಮಂಡಿಯ ಮೇಲಿಟ್ಟುಕೊಂಡ, ಕೈ ಬಿಡುವಿಲ್ಲ ಅನ್ಸತ್ತೆ ಕಣವ್ವ, ನೀರಿಂದ ಏನೋ ಮೇಲಕ್ಕೆ ಎಳ್ಕೊತಾವ್ನೆ. ಹಸಿರು ತ್ರಿಕೋನ ನಿಂತಿದೆ, ಕದಲುತ್ತಿಲ್ಲ, ನಿಂತೇ ಇದೆ.