ಲೆಬ್ದಾದ ಗೋಡೆ ಬುಡದಲ್ಲಿ

ಗ್ರಹಣ ಹಿಡಿದರೆ ನಮ್ಮ ಕಡೆಯವರು ಬಾಗಿಲು ಹಾಕಿಕೊಂಡು ಒಳಗೆ ಕೂರುತ್ತಾರೆ, ಅಮೆರಿಕದವರು ಕೈಯಿಂದ ದುಡ್ಡು ಹಾಕಿ ಅದರ ಹಿಂದೆ ಓಡುತ್ತಾರೆ. 2006ರ ಮಾರ್ಚ್‌ನಲ್ಲಿ ಸೂರ್ಯಗ್ರಹಣ ನೋಡಲು ಲಿಬಿಯಾಕ್ಕೆ ಹೊರಟ ಅಂಥದೊಂದು ತಂಡದಲ್ಲಿ, ಅಮೆರಿಕದ ಚಾಟ್ಸ್‌ವರ್ತ್‌ನಲ್ಲಿ ನೆಲೆಸಿದ್ದ ಶಾರದವ್ವ ತನ್ನದೂ ಗಂಡನದೂ ಹೆಸರು ಬರೆಸಿದಳು. ಅಲ್ಲೇ ಆರ್ಟೀಸಿಯಾದ ನಮ್ಮವರ ಕಿರಾಣಿ ಅಂಗಡಿಯಲ್ಲಿ ಮೆಂತ್ಯಸೊಪ್ಪು ಆರಿಸುತ್ತಿದ್ದ ಪರಿಚಯದ ರತ್ನಾವತಿ ಆಂಟಿಗೆ ಸುದ್ದಿ ಕೇಳಿ ಕೈಯೇ ನಿಂತುಹೋಯಿತು. ಮರೆವಿನ ರೋಗದ ಗಂಡನನ್ನು ಕಟ್ಟಿಕೊಂಡು ಹೋಗುವುದಿದ್ದರೆ ಕಾಶಿ ಇಲ್ಲವೇ, ಶ್ರೀಶೈಲ ಇಲ್ಲವೇ? "ಸಮುದ್ರದ ದಂಡೀಗೆ ಹಳೇ ಊರು ಐತ್ರಿ, ನಮ್ಮ ಹಂಪಿ ಇದ್ದಂಗ. ನೋಡಿ ಬರ್ತೀವಿ" ಎಂದಳು ಶಾರದವ್ವ. ಅಷ್ಟರ ಮೇಲೆ ಅವಳ ಬಾಯಿ ಬಿಡಿಸುವುದು ಯಾರಿಂದಲೂ ಆಗಲಿಲ್ಲ.

ಅವಳಿಗೆ ಗ್ರಹಣ ಬೇಕಿರಲಿಲ್ಲ. ಆ ತಂಡದವರು ವೀಸಾ ತಾವೇ ಮಾಡಿಸಿಕೊಡುತ್ತೇವೆ ಎಂದಿದ್ದರು, ಆ ಹಳೇ ಊರು ಲೆಬ್ದಾವನ್ನು ತೋರಿಸುತ್ತೇವೆ ಎಂದಿದ್ದರು. ಅವಳಿಗೆ ಬೇಕಿದ್ದದ್ದು ಆ ಲೆಬ್ದಾ. ಅಲ್ಲಿ ಅವಳ ಚೊಚ್ಚಲ ಮಗ ಮಣ್ಣಿನಲ್ಲಿದ್ದ.

ಎಂಬತ್ತರ ಸುಮಾರಿನಲ್ಲಿ ಗಂಡ ಶಿವರುದ್ರಪ್ಪ ಅಲ್ಲಿಯ ಕಡಲ ದಂಡೆಯ ಪಟ್ಟಣವೊಂದರಲ್ಲಿ ನೀರಿನ ಪೈಪು ಹಾಕಿಸುವ ಎಂಜಿನಿಯರ್. ಮಗು ಹುಟ್ಟಿ ವಾರ ಕಳೆಯುವುದರೊಳಗೆ ಹೋಯಿತು. ಹಿಂದೂಗಳು ಸುಡುತ್ತಾರಲ್ಲ, ಇಲ್ಲಿ ಅದಕ್ಕೆ ಏರ್ಪಾಟಿಲ್ಲವಲ್ಲ ಎಂದು ಕಂಪನಿಯವರು ಕೈ ಹಿಸುಕಿಕೊಂಡಾಗ, ನಾವು ಲಿಂಗಾಯತರು, ಮಣ್ಣು ಮಾಡುವವರು ಎಂದು ಅವನೇ ಹೇಳಿ ಮಗುವನ್ನು ಎತ್ತಿಕೊಂಡು ಹೋಗಿದ್ದ. ಊರಾಚೆ ಲೆಬ್ದಾ ಎಂಬ ರೋಮನ್ನರ ಕಾಲದ ಹಾಳು ಪಟ್ಟಣ. ಮರಳಲ್ಲಿ ಅರ್ಧ ಹೂತ ಕಂಬಗಳು, ಕಡಲಿಗೆ ಮುಖ ಮಾಡಿದ ರಂಗಮಂದಿರ. ಶಾರದವ್ವ ಆಗ ಆಸ್ಪತ್ರೆಯಲ್ಲಿ ಮೈ ಕಾದ ಬಾಣಂತಿ. ಮಣ್ಣಿಗೆ ಹೋಗಲಿಲ್ಲ, ಮೂರನೇ ದಿನ ಹಾಲುತುಪ್ಪ ಬಿಡುವುದಕ್ಕೂ ಹೋಗಲಿಲ್ಲ. ಎದ್ದು ಓಡಾಡುವಂತಾದಾಗ, ಕರೆದುಕೊಂಡು ಹೋಗಿರಿ ಎಂದು ಗಂಟುಬಿದ್ದಳು. ಅವನು ಇವತ್ತು ನಾಳೆ ಎಂದು ತಳ್ಳುತ್ತ ಬಂದು, ಕೊನೆಗೆ ವಿಮಾನ ಹತ್ತಿಸಿ ಬಾಗಲಕೋಟೆಯ ತವರಿಗೆ ಕಳಿಸಿಬಿಟ್ಟ. ಆಮೇಲೆ ಅಮೆರಿಕ, ಮಗಳು ರಕ್ಷಿತಾ, ಮನೆಯ ಸಾಲ, ಬದುಕು.

ಕೇಳಿದಾಗಲೆಲ್ಲ ಅವನದು ಒಂದೇ ಉತ್ತರ. "ಗ್ವಾಡಿ ಬುಡಕ, ಸಮುದ್ರದ ಕಡೆ. ಎರಡ ಸಾವಿರ ವರ್ಷದ ಗ್ವಾಡಿ ಅದು, ಎಲ್ಲಿ ಹೋಗತೈತಿ." ಆ ಒಂದು ಮಾತನ್ನು ನಂಬಿಕೊಂಡೇ ಅವಳು ಇಷ್ಟು ಕಾಲ ದೂಡಿದಳು. ಈಗ ಅವನ ತಲೆಯಿಂದ ಒಂದೊಂದೇ ಕಳಚಿ ಬೀಳುತ್ತಿತ್ತು. ಮೊದಲು ಕಾರಿನ ಕೀ, ಆಮೇಲೆ ಫ್ರೀವೇಯ ದಾರಿ, ಒಂದು ಬೆಳಿಗ್ಗೆ ರಕ್ಷಿತಾಳ ಹೆಸರು. ಮಗ ಮಲಗಿದ ಜಾಗ ಗೊತ್ತಿದ್ದದ್ದು ಜಗತ್ತಿನಲ್ಲಿ ಈ ಒಬ್ಬನಿಗೆ. ಅದೂ ಹೋಗುವುದರೊಳಗೆ ಅವನನ್ನು ಅಲ್ಲಿ ನಿಲ್ಲಿಸಬೇಕು, ಅವನ ಕೈಯಿಂದ ತೋರಿಸಿಕೊಳ್ಳಬೇಕು ಎಂದು ಅವಳು ಹೊರಟದ್ದು.

ಹೋದರು. ನೀಲಿ ಎಂದರೆ ಅಂಥ ನೀಲಿ ಕಡಲು, ಬೆಣ್ಣೆಬಣ್ಣದ ಕಲ್ಲು, ಬೀದಿಯಲ್ಲಿ ಎರಡು ಸಾವಿರ ವರ್ಷದ ಹಿಂದಿನ ಗಾಲಿಯ ಗೆರೆ. ಜೊತೆಯವರು ಫೋಟೋ ಹೊಡೆದದ್ದೇ ಹೊಡೆದದ್ದು. ಶಾರದವ್ವನ ಚೀಲದಲ್ಲಿ ಹೋಟೆಲಿನಿಂದ ಕೇಳಿ ತಂದ ಹಾಲು, ಮನೆಯಿಂದ ತಂದ ತುಪ್ಪ, ವಿಭೂತಿ. ಗಂಡನ ಮೊಣಕೈ ಹಿಡಿದು ಗೋಡೆಯಿಂದ ಗೋಡೆಗೆ ನಡೆಸಿದಳು. ಗೋಡೆಗೇನು ಬರವೇ ಅಲ್ಲಿ? ಕಡಲ ಕಡೆಗೆ ಮುಖ ಮಾಡಿದ ಗೋಡೆಗಳೇ ಲೆಕ್ಕವಿಲ್ಲದಷ್ಟು.

"ಇಲ್ಲೇನ್ರಿ? ನೆನಸಿಕೊಳ್ರಿ. ಈ ಗ್ವಾಡೀನ?"

ಶಿವರುದ್ರಪ್ಪ ಕಲ್ಲನ್ನು ಸವರಿ ನೋಡಿದ. "ಛಲೋ ಕಟ್ಯಾರ. ಯಾರ್ದು ಕಾಂಟ್ರಾಕ್ಟ್?" ಎಂದ.

ಹೊತ್ತು ಇಳಿಯುವವರೆಗೆ ಹುಡುಕಿದಳು. ಬಸ್ಸಿನವರು ಕರೆದರು. ಯಾವುದಾದರೊಂದು ಗೋಡೆಯ ಬುಡಕ್ಕೆ ಹಾಲು ಬಿಟ್ಟು ಬರಬಹುದಿತ್ತು, ಮನಸ್ಸು ಒಪ್ಪಲಿಲ್ಲ. ಬೇರೆ ಯಾರದೋ ಗೋಡೆಗೆ ಎರೆದರೆ ತನ್ನ ಕೂಸಿಗೆ ಹೇಗೆ ಮುಟ್ಟೀತು? ಹಾಲು ಚೀಲದಲ್ಲೇ ಒಡೆದು ಹೋಯಿತು. ಗ್ರಹಣದ ದಿನ ಮರಳುಗಾಡಿನ ಬಿಡಾರದಲ್ಲಿ ಎಲ್ಲರೂ ಕಪ್ಪು ಕನ್ನಡಕ ಹಾಕಿ ಮುಗಿಲು ನೋಡುವಾಗ ಅವಳು ಟೆಂಟಿನೊಳಗೆ ಸೆರಗಿನಲ್ಲಿ ಮುಖ ಮುಚ್ಚಿಕೊಂಡು ಅತ್ತಳು.

ಮರಳಿ ಬಂದ ಮೇಲೆ ಗಂಡನ ಮೇಲೆ ಅವಳಿಗೆ ಸಿಟ್ಟು ಕೂತಿತು. ರೋಗಿಯ ಮೇಲೆ ಸಿಟ್ಟೇ ಎನ್ನುವವರು ಎನ್ನಲಿ, ಹೊಟ್ಟೆಯಲ್ಲಿ ಹೊತ್ತವಳಿಗೆ ಗೊತ್ತು ಅದರ ಉರಿ. ಒಂದು ಗುರುತಿನ ಕಲ್ಲು ನೆಡಲಿಲ್ಲ ಪುಣ್ಯಾತ್ಮ, ಬಾ ಎಂದು ಒಮ್ಮೆ ಕರೆದೊಯ್ಯಲಿಲ್ಲ. ರೊಟ್ಟಿ ಮುರಿದು ಬಾಯಿಗಿಡುತ್ತಿದ್ದಳು, ಗುಳಿಗೆ ನುಂಗಿಸುತ್ತಿದ್ದಳು, ಆದರೆ ಮಾತು ಬಿಟ್ಟಿದ್ದಳು. ಅವನಿಗೆ ಅದು ತಿಳಿಯಲೂ ಇಲ್ಲ.

ಆ ವರ್ಷದ ಕೊನೆಗೆ ರಕ್ಷಿತಾಳಿಗೆ ಸ್ಯಾನ್ ಡಿಯೇಗೋದಲ್ಲಿ ಕೆಲಸವಾಯಿತು. ಡಿಸೆಂಬರ್‌ನ ಒಂದು ಭಾನುವಾರ ಅವಳು ಅಪ್ಪ ಅವ್ವನನ್ನು ಡ್ರೈವ್ ಮಾಡಿಕೊಂಡು ಕಡಲ ದಂಡೆಗೆ ಕರೆದೊಯ್ದಳು. ಹಳದಿ ಮಣ್ಣುಗಲ್ಲಿನ ದರೆ ಅಲ್ಲಿ ಗೋಡೆಯಂತೆ ನೆಟ್ಟಗೆ ನಿಂತಿದೆ, ಬುಡದಲ್ಲಿ ಒಂದಿಷ್ಟು ಮರಳು. ರಕ್ಷಿತಾ ಕಾಫಿ ತರಲು ಹೋದಳು. ಭರತದ ಹೊತ್ತು. ಅಲೆ ಒಂದೊಂದಾಗಿ ಮೇಲೇರಿ ಬಂದು, ಒಂದು ಅಲೆ ದರೆಯ ಬುಡವನ್ನೇ ಮುಟ್ಟಿತು.

ಶಿವರುದ್ರಪ್ಪ ದಿಗ್ಗನೆ ಎದ್ದ. ಚಪ್ಪಲಿಯನ್ನೂ ಮೆಟ್ಟದೆ ನೀರಿಗೆ ನಡೆದು ಮೊಣಕಾಲೂರಿ, ಎರಡೂ ಕೈಯಿಂದ ಮರಳು ಬಾಚಿ ಬುಡಕ್ಕೆ ಒಟ್ಟತೊಡಗಿದ. ಒಟ್ಟಿದಷ್ಟನ್ನೂ ಅಲೆ ಎಳೆದುಕೊಂಡು ಹೋಯಿತು. ಶಾರದವ್ವ ಸೆರಗು ಸಿಕ್ಕಿಸಿಕೊಂಡು ಓಡಿ ರಟ್ಟೆ ಹಿಡಿದಳು. ಅವನು ಮುಖವೆತ್ತಿ ನೋಡಿದ. ಆ ನೋಟದಲ್ಲಿ ಅವಳ ಗುರುತಿರಲಿಲ್ಲ.

"ಇಲ್ಲೇ ಇಟ್ಟಿದ್ನ್ರೀ ಅಕ್ಕಾರ" ಎಂದ. "ನಮ್ಮಾಕಿ ಸೀರಿ ಹರದು ಸುತ್ತಿದ್ದೆ, ಥಂಡಿ ಆಗಬಾರದಂತ. ತಲಿ ತುಂಬ ಕೂದಲಿತ್ರಿ. ಮೂರನೇ ದಿನಕ್ಕ ಹಾಲು ತಗೊಂಡ ಬಂದ್ರ ಏನೂ ಇಲ್ಲ. ರಾತ್ರಿ ಗಾಳಿ ಎದ್ದು ಸಮುದ್ರ ಮ್ಯಾಲ ಬಂದಿತ್ತು. ಗ್ವಾಡಿ ಒಂದ ಉಳದಿತ್ರಿ."

ಶಾರದವ್ವ ನೀರಿನಲ್ಲೇ ಅವನ ಪಕ್ಕ ಕೂತಳು. ಅಲೆ ಅವಳ ಸೊಂಟದವರೆಗೆ ಬಂದು ಹೋಯಿತು.

"ಸಮುದ್ರ ಹಿಂಗ ಮ್ಯಾಲ ಬರತೈತಂತ ನನಗೇನ ಗೊತ್ತಿತ್ತ್ರಿ? ನಮ್ಮೂರಾಗ ಬಾವಿ ಬಿಟ್ರ ನೀರ ಕಂಡವನಲ್ಲ ನಾ. ಮೆತ್ತಗಿನ ಮಣ್ಣು, ಕೂಸಿಗೆ ಒತ್ತಬಾರದು ಅಂತ ಇಲ್ಲಿ ಇಟ್ಟೆ." ಅವನು ಅವಳ ಕೈಯನ್ನು ಗಟ್ಟಿಯಾಗಿ ಹಿಡಿದ. "ಆಕಿಗೆ ಹೇಳಬ್ಯಾಡ್ರಿ. ಆಕಿ ಬಾಣಂತಿ ಅದಾಳ, ತಡಕೊಳ್ಳಂಗಿಲ್ಲ. ದಿನಾ ಕೇಳತಾಳ್ರಿ, ಕರಕೊಂಡ ಹೋಗು ಅಂತ. ಏನ ಹೇಳ್ಲಿ ಆಕಿಗೆ?"

ಹುಡುಕಲು ಲೆಬ್ದಾದಲ್ಲಿ ಏನೂ ಇರಲಿಲ್ಲ. ಇಷ್ಟು ವರ್ಷ ಅವನೊಬ್ಬನೇ ಅದನ್ನು ಎದೆಯಲ್ಲಿ ಹೊತ್ತು, ಅವಳ ಕೈಗೆ ಒಂದು ಗೋಡೆಯನ್ನು ಕೊಟ್ಟಿದ್ದ. ಶಾರದವ್ವನಿಗೆ ಅಳು ಬರಲಿಲ್ಲ. ಅವನ ಉಗುರಿನ ಸಂದಿಯ ಮರಳನ್ನು ಸೆರಗಿನಿಂದ ಒರೆಸಿದಳು. ಮೇಲಿನಿಂದ ರಕ್ಷಿತಾ ಗಾಬರಿಯಾಗಿ ಕೂಗುತ್ತ ಇಳಿದು ಬರುತ್ತಿದ್ದಳು.

"ಛಲೋ ಜಾಗಾದಾಗ ಮಲಗ್ಯಾನ ಅಂತ ಹೇಳ್ರಿ" ಎಂದಳು ಶಾರದವ್ವ. "ಆಕಿ ಇನ್ನ ಕೇಳಂಗಿಲ್ಲ."