ಕ್ಯಾಮೆರಾ ಕೊಟ್ಟ ಮುತ್ತು

ಹೊಸ ವೀಡಿಯೋ ಕ್ಯಾಮೆರಾ ಕೈಗೆ ಬಂದಾಗಿನಿಂದ ತೊಕ್ತೊಸುನ್‌ನ ಕಾಲು ನೆಲದ ಮೇಲೆ ನಿಲ್ಲುತ್ತಿರಲಿಲ್ಲ. ಮದುವೆಯಿರಲಿ, ತೊಟ್ಟಿಲ ಶಾಸ್ತ್ರವಿರಲಿ, ಅದರಲ್ಲಿರುವ ಗುಂಡಿಗಳನ್ನೆಲ್ಲ ಒತ್ತದಿದ್ದರೆ ಪುಣ್ಯಾತ್ಮನಿಗೆ ಊಟ ಸೇರದು. ಮುಕಾಶ್ ಹುಲ್ಲುಗಾವಲಿನಲ್ಲಿ ಔತಣ ಕೊಟ್ಟ ದಿನ, ಹುಡುಗಿಯನ್ನು ಬೆನ್ನಟ್ಟುವ ಕುದುರೆಯಾಟಕ್ಕೆ ಷಟರನ್ನು ಆದಷ್ಟೂ ನಿಧಾನಕ್ಕಿಟ್ಟು, ಓಡಿದ್ದರ ಹಿಂದೆ ಬಣ್ಣ ಎಳೆದುಕೊಂಡು ಹೋಗುವ ಎಫೆಕ್ಟನ್ನೂ ಹಾಕಿ, ಓಟ ಮುಗಿಯುವ ಕಡೆ ಒಬ್ಬನೇ ಹೋಗಿ ನಿಂತ.

ಹುಡುಗ ಕುದುರೆಯ ಮೇಲೆಯೇ ಹುಡುಗಿಗೆ ಮುತ್ತಿಟ್ಟರೆ ಗೆದ್ದ. ಇಡದಿದ್ದರೆ ವಾಪಸು ಬರುವಾಗ ಅವಳ ಚಾವಟಿಯೇಟು ತಿನ್ನಬೇಕು. ಅಂದು ಓಡಬೇಕಾಗಿದ್ದ ಬುರುಲ್ಚಾ ಇದುವರೆಗೆ ಯಾರಿಗೂ ಸಿಕ್ಕವಳಲ್ಲ. "ಒಂದ್ಸಲ ಸಿಕ್ಕಿಬಿದ್ಯೋ, ಜೀನು ಇಳಿಸಿ ಗಂಡನ ಮನೆಗೆ ನಡಿ," ಎಂದು ಅಪ್ಪ ಆಸಾನ್ ಎಲ್ಲರೆದುರೇ ಹೇಳಿಟ್ಟಿದ್ದ.

ಅಂದು ಬೆನ್ನಟ್ಟಿದವನು ಮುಕಾಶ್‌ನ ಮಗ ಎಲ್ದಿಯಾರ್. ಧೂಳಿನೊಳಗಿಂದ ಬಂದವನೇ ಮುತ್ತಿಟ್ಟೆ ಎಂದ.

"ಇಟ್ಟಿದ್ದು ಗಾಳಿಗೆ," ಎಂದಳು ಬುರುಲ್ಚಾ.

ಹಿರಿಯರು ಡೇರೆಯೊಳಗೆ ಕ್ಯಾಮೆರಾವನ್ನು ಟೀವಿಗೆ ಸಿಕ್ಕಿಸಿ ಹಚ್ಚಿಸಿದರು. ನೋಡಿದರೆ ಎರಡು ಮುಖ ಕರಗಿ ಒಂದೇ ಮುದ್ದೆ!

"ಇನ್ನೇನ್ ಬೇಕು? ಮುತ್ತೇ ಅದು," ಎಂದು ಮುಕಾಶ್ ತೊಡೆ ತಟ್ಟಿದ.

ಮುಖಗಳ ನಡುವೆ ಗೇಣು ಜಾಗವಿದ್ದುದನ್ನು ತೊಕ್ತೊಸುನ್‌ನ ಕಣ್ಣೇ ಕಂಡಿತ್ತು. ಷಟರು ಹೆಚ್ಚು ಹೊತ್ತು ತೆರೆದಿದ್ದರೆ ಓಡುವುದೆಲ್ಲ ಪಕ್ಕದ್ದಕ್ಕೆ ಮೆತ್ತಿಕೊಳ್ಳುತ್ತದೆ. ಹಾಗೆಂದು ಹೇಳಿದರೆ ಇಷ್ಟು ದಿನ ಕೊಚ್ಚಿಕೊಂಡ ಜಂಬದ ಗತಿ? ಕುದುರೆ ಹಾಲು ಕುಡಿದ. ಲೆನ್ಸ್ ಒರೆಸಿದ. ಹೊರಗೆ ಹೋದ, ಒಳಗೆ ಬಂದ, ಮತ್ತೆ ಹೋದ.

"ಮಾವಾ, ನೀನು ಅಲ್ಲೇ ಇದ್ಯಲ್ಲ," ಎಂದು ಬುರುಲ್ಚಾ ಅವನನ್ನು ತಡೆದಳು. "ಬಾಯಿಗೇನ್ ಬೀಗ ಬಿದ್ದಿದ್ಯಾ?"

ಕೊನೆಗೂ ಬಾಯಿ ಬಿಟ್ಟ. "ಮುತ್ತಿಡ್ಲಿಲ್ಲ. ನಾನ್ ಹಾಕಿದ ಎಫೆಕ್ಟು ಹಂಗೆ ಕಾಣ್ಸತ್ತೆ."

"ಇಷ್ಟೊತ್ತು ನಾಲಿಗೆ ಬಾಡಿಗೆಗೆ ಕೊಟ್ಟಿದ್ದೇನಯ್ಯಾ?" ಎಂದ ಹಿರಿಯರಲ್ಲೊಬ್ಬ. "ನಿನ್ನ ಪೆಟ್ಟಿಗೇನೂ ನಂಬಲ್ಲ, ನಿನ್ನನ್ನೂ ನಂಬಲ್ಲ. ಇನ್ನೊಂದ್ಸಲ ಓಡ್ಲಿ."

ಬುರುಲ್ಚಾಳ ಕುದುರೆಯ ಬಾಯಲ್ಲಿ ಇನ್ನೂ ನೊರೆಯಿತ್ತು. ಎಲ್ದಿಯಾರ್ ಅಪ್ಪನ ಹಿಂಡಿನಿಂದ ದಣಿಯದ ಬೇರೆ ಕುದುರೆ ಹಿಡಿದು ತಂದ. ಯಾರೂ ಚಕಾರವೆತ್ತಲಿಲ್ಲ, ತಿಂದ ಮಾಂಸ ಮುಕಾಶ್‌ನದ್ದಲ್ಲವೇ.

ತೊಕ್ತೊಸುನ್ ಎಫೆಕ್ಟು ತೆಗೆದ, ಷಟರನ್ನು ಆದಷ್ಟೂ ಜೋರಿಗಿಟ್ಟ. ಓಡು ತಾಯಿ, ಓಡು ಎಂದು ಒಳಗೊಳಗೇ ಬೇಡಿಕೊಂಡ. ಅರ್ಧ ದಾರಿಯಲ್ಲೇ ಅವಳ ಕುದುರೆ ಸೋತಿತು.

ಈ ಸಲ ಟೀವಿಯಲ್ಲಿ ಎಲ್ಲವೂ ಬಿಡಿಬಿಡಿಯಾಗಿ ಕಂಡಿತು. ಹಾರಿದ ನೊರೆಯ ಹನಿ, ಕೆನ್ನೆಗೊತ್ತಿದ ತುಟಿ, ಬಿಗಿಯಾಗಿ ಮುಚ್ಚಿದ ಅವಳ ಕಣ್ಣು.

ಬುರುಲ್ಚಾ ಜೀನು ಬಿಚ್ಚಿ ತಂದು ಅಪ್ಪನ ಮುಂದಿಟ್ಟಳು. ಆಮೇಲೆ ತೊಕ್ತೊಸುನ್ ಕಡೆ ತಿರುಗಿ, "ಈ ಸಲ ಚೆನ್ನಾಗ್ ಬಂತಾ ಮಾವಾ?" ಎಂದಳು.

"ಬಂತಮ್ಮ," ಎಂದ ಅವನು. ಅಷ್ಟು ಚೆನ್ನಾಗಿ ಅವನು ಯಾವತ್ತೂ ತೆಗೆದಿರಲಿಲ್ಲ.