ಒದ್ದೆ ಕಲ್ಲಿನ ಹೊಳಪು

ಪಾತ್ರೆ ತೊಳೆಯುವಾಗ ಅತ್ತೆಯ ಉಂಗುರದ ಕಲ್ಲು ಕಳಚಿ ಮೋರಿ ಸೇರಿದ ದಿನ ನನಗೆ ಒಳಗೊಳಗೇ ಖುಷಿಯಾಯಿತು. ಮನೆಯಲ್ಲಿ ಕಲ್ಲು ಉಜ್ಜಿ ಹೊಳಪು ತರುವ ಹುಚ್ಚು ನನ್ನದು. ಹಿಂದಿನ ವರಾಂಡದಲ್ಲಿ ಕೈಯಿಂದ ತಿರುಗಿಸುವ ಸಣ್ಣ ಸಾಣೆ ಚಕ್ರ, ಸ್ಯಾಂಡ್‌ಪೇಪರಿನ ಚೂರುಗಳು, ಬೋಗುಣಿ ನೀರು, ಹಳೆಯ ಬೆಲ್ಟಿನ ಚರ್ಮ, ಹೊಳಪಿನ ಪುಡಿ. ಇಷ್ಟೇ ನನ್ನ ಕಾರ್ಖಾನೆ.

ಅತ್ತೆ ಖಾಲಿ ಉಂಗುರವನ್ನು ನನ್ನೆದುರಿಗಿಟ್ಟು, "ಇದಕ್ಕೊಂದು ಕಲ್ಲು ಮಾಡಿಕೊಡ್ತೀಯಾ?" ಎಂದರು. ನಾನು ಹೂಂ ಅನ್ನುವಷ್ಟರಲ್ಲಿ ಓರಗಿತ್ತಿ ನಡುವೆ ಬಾಯಿ ಹಾಕಿದಳು.

"ನಾನೂ ಒಂದು ಮಾಡ್ಲಾ ಅತ್ತೆ? ಅಕ್ಕ ಹೇಳಿಕೊಟ್ಟಿದ್ದಾರೆ."

"ಮಾಡಮ್ಮಾ. ಯಾವುದು ಚೆನ್ನಾಗಿ ಕೂರುತ್ತೋ ಅದನ್ನ ಹಾಕ್ಕೋತೀನಿ."

ನನಗೆ ಮೈಯೆಲ್ಲ ಉರಿಯಿತು. ಅವಳು ಹಾಲು ಉಕ್ಕಿಸಿದರೆ ಅತ್ತೆ, "ಪಾಪ, ಮರೆತಿದ್ದಾಳೆ." ನಾನು ಉಕ್ಕಿಸಿದರೆ "ಗಮನ ಎಲ್ಲಿರುತ್ತೆ ನಿಂಗೆ?" ಅತ್ತೆಯ ಬೆರಳಲ್ಲಿ ನನ್ನ ಕಲ್ಲೇ ಇರಬೇಕು, ಹೊತ್ತುಹೊತ್ತಿಗೂ ಅವರ ಕಣ್ಣಿಗೆ ಬೀಳಬೇಕು. ನನಗೆ ಬೇಕಿದ್ದುದು ಅಷ್ಟೇ.

ನನ್ನದು ಹಸಿರು ಕಲ್ಲು, ಅವಳದು ಕೆಂಪು. ಕಡ್ಡಿಯ ತುದಿಗೆ ಅರಗಿನಿಂದ ಅಂಟಿಸಿಕೊಂಡು, ಚಕ್ರವನ್ನು ಸರದಿಯಲ್ಲಿ ಹಂಚಿಕೊಂಡು ಉಜ್ಜಿದೆವು. ನನ್ನ ಕಲ್ಲು ಉಂಗುರದ ಕುಳಿಯಲ್ಲಿ ಸರಿಯಾಗಿ ಕೂತಿತು. ಹೊಳಪೊಂದೇ ಬಾಕಿ. ಅಷ್ಟರಲ್ಲಿ ಅವಳ ಬೋಗುಣಿಯತ್ತ ಕಣ್ಣು ಹೋಯಿತು. ನೀರಿನೊಳಗೆ ಆ ಕೆಂಪು ಕಲ್ಲು ಜಗಜಗ ಹೊಳೆಯುತ್ತಿತ್ತು, ಒಂದು ಗೀರಿಲ್ಲ.

ಹೊಟ್ಟೆಗೆ ಕಿಚ್ಚು ಬಿತ್ತು. ನನ್ನ ಕಲ್ಲಿನಲ್ಲಿ ಇಲ್ಲದ ಗೀರುಗಳೆಲ್ಲ ಕಾಣತೊಡಗಿದವು. ಮತ್ತೆ ಚಕ್ರಕ್ಕೆ ಹಿಡಿದೆ. ಒಂದು ಬದಿ ತಗ್ಗಿತೆಂದು ಇನ್ನೊಂದು ಬದಿ ಉಜ್ಜಿದೆ, ಅದು ಹೆಚ್ಚಾಯಿತೆಂದು ಮೊದಲಿನದನ್ನು.

"ಸಾಕಲ್ವಾ ಅಕ್ಕಾ?"

"ನಿನ್ನದು ನೀನು ನೋಡ್ಕೋ."

ಕೊನೆಗೆ ಉಂಗುರಕ್ಕೆ ಇಟ್ಟರೆ, ಕಲ್ಲು ಲೊಡಲೊಡ ಅಲ್ಲಾಡಿ ತಳದ ತೂತಿನಿಂದ ನನ್ನ ಮಡಿಲಿಗೇ ಉದುರಿತು. ಉಜ್ಜಿದ್ದನ್ನು ವಾಪಸ್ ಅಂಟಿಸಲಾಗುತ್ತದೆಯೇ?

ಆಗ ಓರಗಿತ್ತಿ ಸಪ್ಪೆ ಮುಖ ಮಾಡಿಕೊಂಡು ಬಂದಳು. "ಅಕ್ಕಾ, ಒರೆಸಿದ ತಕ್ಷಣ ಮಂಕಾಗ್ತಿದೆ. ಏನ್ ಮಾಡ್ಲಿ?"

ಅವಳ ಅಂಗೈಯಲ್ಲಿದ್ದ ಒಣ ಕಲ್ಲಿನ ಮೈತುಂಬ ಗೀರು. ನೀರಿನಲ್ಲಿ ಎಂಥ ಕಲ್ಲೂ ಹೊಳೆಯುತ್ತದೆ, ಒರೆಸಿ ನೋಡದೆ ನಂಬಬೇಡ ಎಂದು ಮೊದಲ ದಿನವೇ ಅವಳಿಗೆ ಪಾಠ ಹೇಳಿದವಳು ನಾನು! ಹೊಟ್ಟೆಕಿಚ್ಚಿನಲ್ಲಿ ಅದನ್ನು ನಾನೇ ಮರೆತಿದ್ದೆ.

ಅವಳ ಅಳತೆ ಮಾತ್ರ ಕರಾರುವಾಕ್ಕು. ಆಗುವುದಿಲ್ಲ ಹೋಗು ಎನ್ನಬಹುದಿತ್ತು. ಆದರೆ ಈ ಹಾಳು ಕೈ ಗೀರು ಕಂಡರೆ ಸುಮ್ಮನಿರುವುದಿಲ್ಲ. ನಯವಾದ ಸ್ಯಾಂಡ್‌ಪೇಪರು, ಅದಕ್ಕಿಂತ ನಯವಾದದ್ದು, ಆಮೇಲೆ ಚರ್ಮದ ಮೇಲೆ ಪುಡಿ. ಬೈದುಕೊಳ್ಳುತ್ತಲೇ ಉಜ್ಜಿದೆ. ಒಣಗಿದ ಮೇಲೂ ಕಿಟಕಿಯ ಸರಳು ಅದರಲ್ಲಿ ಕಾಣಿಸಿತು. ಕಲ್ಲನ್ನು ಹಿಡಿದಿಡುವ ಉಂಗುರದ ಹಲ್ಲು ಬಾಗಿಸಿ ಕೂರಿಸಿದ್ದೂ ನಾನೇ.

ಅತ್ತೆ ಉಂಗುರ ತೊಟ್ಟು ಕೈ ಚಾಚಿ ನೋಡಿಕೊಂಡರು. "ಎಷ್ಟು ಚೆನ್ನಾಗಿ ಮಾಡಿದ್ದೀಯೇ ಚಿಕ್ಕವಳೇ!"

ನಾನು ಕಾದಿದ್ದುದು ಇದಕ್ಕೇ. ಅವಳು ನಕ್ಕು ಸುಮ್ಮನಾಗುತ್ತಾಳೆ, ನಾನು ಆಯುಷ್ಯಪೂರ್ತಿ ಅವಳ ಮೇಲೆ ಹಲ್ಲು ಕಡಿಯಬಹುದು ಅಂದುಕೊಂಡೆ.

"ಅಯ್ಯೋ, ಹೊಳಪೆಲ್ಲ ಅಕ್ಕಂದು ಅತ್ತೆ. ನಾನು ಮಾಡಿದ್ದು ಬರೀ ಮಂಕು ಕಲ್ಲು."

ಅತ್ತೆ ಉಂಗುರದ ಕೈಯಿಂದಲೇ ಅವಳ ಗಲ್ಲ ಸವರಿ, ನನ್ನ ಕಡೆ ತಿರುಗಿದರು.

"ನೋಡಿದ್ಯಾ, ಎಂಥಾ ಒಳ್ಳೆ ಮನಸ್ಸು ಇವಳದು!"